ಮೊದಲು ಅಳತೆ, ಆಮೇಲೆ ಗುತ್ತಿಗೆ



ಹೊಳೆಗೆ ಸುರಿದರೂ ಅಳೆದು ಸುರಿಯಬೇಕೆಂಬ ಗಾದೆ ನಿಮಗೆಲ್ಲ ತಿಳಿದದ್ದೇ. ರಾಗಿಯನ್ನು ಅಳೆಯದೆ ಯಾರೂ ಕೊಡುವುದಿಲ್ಲ, ಹಾಲನ್ನು ಅಳೆಯದೆ ಡೈರಿಗೆ ಹಾಕುವುದಿಲ್ಲ, ಅಡಿಕೆಯನ್ನು ತೂಗದೆ ಮಂಡಿಯಲ್ಲಿ ಇಳಿಸುವುದಿಲ್ಲ. ಆದರೆ ಇವೆಲ್ಲವೂ ಹುಟ್ಟಿ ಬರುವ ಹೊಲವನ್ನು ಮಾತ್ರ ನಾವು ಕಣ್ಣಂದಾಜಿನಲ್ಲೇ ಬಿಟ್ಟಿದ್ದೇವೆ. ಹೊಲ ಮಾರುವಾಗ, ಪಾಲಾಗುವಾಗ ಅಳೆಯುತ್ತೇವೆ, ನಿಜ. ಕಳೆ ತೆಗೆಸಲು, ಉಳಿಸಲು, ಔಷಧಿ ಹೊಡೆಸಲು, ಬೇಲಿ ಹಾಕಿಸಲು ಗುತ್ತಿಗೆ ಮಾತಾಡುವಾಗ "ಒಂದು ಎಕರೆ ಇದೆ ಬಿಡಿ" ಎಂಬ ಒಂದು ಮಾತಿನಲ್ಲಿ ಮುಗಿಸುತ್ತೇವೆ. ಈ ಒಂದು ಮಾತಿನಿಂದ ಎಷ್ಟು ನಷ್ಟವಾಗುತ್ತದೆ, ಯಾರಿಗೆ ನಷ್ಟವಾಗುತ್ತದೆ ಎಂಬುದನ್ನು ನಿಮ್ಮ ಮುಂದಿಡುವುದೇ ಈ ಬರಹದ ಉದ್ದೇಶ.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಅಜ್ಜಂಪುರದ ಕಡೆಯ ಒಂದು ಹಳ್ಳಿಯಲ್ಲಿ ಈರುಳ್ಳಿ ಬೆಳೆಯ ಪ್ರಾತ್ಯಕ್ಷಿಕೆ ಹಾಕಿದ್ದೆವು. ಹೊಲದ ಯಜಮಾನರು ಪಹಣಿ ತೋರಿಸಿದರು. ಉಳಿಕೆ ವಿಸ್ತೀರ್ಣ ಒಂದು ಎಕರೆ ಎಂದಿತ್ತು. ಅದನ್ನೇ ನಂಬಿ ಒಂದು ಎಕರೆಗೆ ಬೇಕಾದಷ್ಟು ಕಳೆನಾಶಕವನ್ನು ಅಳೆದುಕೊಟ್ಟು ಇಡೀ ಹೊಲಕ್ಕೆ ಹೊಡೆಸಿದೆ. ಮುಂದೆ ಉಳಿದ ಕಳೆಯನ್ನು ಕೈಯಿಂದ ತೆಗೆಯಲು ಎಂಟು ಜನ ಹೆಣ್ಣಾಳುಗಳ ಒಂದು ತಂಡಕ್ಕೆ ಒಂದು ಎಕರೆಯ ಲೆಕ್ಕದಲ್ಲಿ ಗುತ್ತಿಗೆ ಮಾತಾಡಿದೆವು. ಮೂರು ದಿನದ ಕೆಲಸವೆಂದು ಇಬ್ಬರೂ ಒಪ್ಪಿದ್ದೆವು. ಮೂರನೆಯ ದಿನ ಸಂಜೆಯಾದರೂ ಕೆಲಸ ಮುಗಿಯಲಿಲ್ಲ. ನಾಲ್ಕನೆಯ ದಿನವೂ ಹೊತ್ತು ಇಳಿಯುವವರೆಗೆ ಅವರು ಕುಳಿತು ಕಳೆ ಕಿತ್ತರು. ಕೂಲಿ ಎಣಿಸಿಕೊಳ್ಳುವಾಗ ತಂಡದ ಹಿರಿಯಾಕೆ, "ಸ್ವಾಮಿ, ನಿಮ್ಮ ಪುಸ್ತಕದ ಎಕರೆಗೆ ಎಷ್ಟು ಗುಂಟೆ?" ಎಂದು ಕೇಳಿದರು. ನಗುತ್ತಲೇ ಕೇಳಿದರು, ಆದರೆ ನನಗೆ ನಗು ಬರಲಿಲ್ಲ.

ಮಾರನೆಯ ದಿನ ಟೇಪು ತಂದು ಅಳೆದೆವು. ಬೆಳೆಯಿದ್ದ ನೆಲ 48 ಗುಂಟೆ! ಪಹಣಿಯನ್ನು ಮತ್ತೊಮ್ಮೆ ಸರಿಯಾಗಿ ಓದಿದಾಗ ಒಗಟು ಬಿಡಿಸಿತು. ಒಟ್ಟು ವಿಸ್ತೀರ್ಣ 1 ಎಕರೆ 8 ಗುಂಟೆ. ಅದರಲ್ಲಿ ಫೂಟ್ ಖರಾಬು 8 ಗುಂಟೆ. ಉಳಿಕೆ ಒಂದು ಎಕರೆ. ಆ ಖರಾಬು ಒಂದು ಕಾಲದಲ್ಲಿ ಕೊರಕಲಾಗಿತ್ತಂತೆ. ಯಜಮಾನರ ತಂದೆಯವರು ಅದಕ್ಕೆ ಮಣ್ಣು ತುಂಬಿ ಹೊಲಕ್ಕೆ ಸೇರಿಸಿಕೊಂಡು ಬಹಳ ವರ್ಷಗಳಾಗಿದ್ದವು. ಯಜಮಾನರು ಸುಳ್ಳು ಹೇಳಿರಲಿಲ್ಲ. ಕಾಗದವೂ ಸುಳ್ಳು ಹೇಳಿರಲಿಲ್ಲ. ತಪ್ಪು ಅಳೆಯದೆ ಮಾತಾಡಿದ ನನ್ನದು.

ಈಗ ಲೆಕ್ಕ ನೋಡಿ. ಎಂಟು ಜನ ಮೂರು ದಿನವೆಂದರೆ 24 ಆಳು. ನೆಲ ಐದರಲ್ಲೊಂದು ಪಾಲು ಹೆಚ್ಚಿದ್ದರಿಂದ ಕೆಲಸವೂ ಅಷ್ಟೇ ಹೆಚ್ಚಿ ಸುಮಾರು 29 ಆಳಿನ ಕೆಲಸವಾಯಿತು. ಐದು ಆಳಿನ ಕೂಲಿ ಆ ಹೆಂಗಸರ ಮಡಿಲಿನಿಂದ ಹೋಗುತ್ತಿತ್ತು. ಅದನ್ನು ಲೆಕ್ಕ ಹಾಕಿ ಕೊಟ್ಟೆವು ಎನ್ನಿ. ಆದರೆ ಇನ್ನೊಂದು ನಷ್ಟ ತುಂಬಿಕೊಡಲು ಆಗಲಿಲ್ಲ. 40 ಗುಂಟೆಗೆಂದು ಅಳೆದ ಕಳೆನಾಶಕ 48 ಗುಂಟೆಗೆ ಹರಡಿದಾಗ ಪ್ರತಿ ಗುಂಟೆಗೆ ಬಿದ್ದದ್ದು ಹೇಳಿದ ಪ್ರಮಾಣದ ಆರರಲ್ಲಿ ಐದು ಪಾಲು ಮಾತ್ರ. ಕಳೆ ಸರಿಯಾಗಿ ಸಾಯದೆ ಉಳಿಯಲು ಅದೂ ಒಂದು ಕಾರಣ. ಒಂದೇ ಅಳತೆಯ ತಪ್ಪು ಆಳಿಗೂ ಹೊಡೆಯಿತು, ಬೆಳೆಗೂ ಹೊಡೆಯಿತು.

ಗುತ್ತಿಗೆ ಕೆಲಸ ಹೆಚ್ಚುತ್ತಿದೆ

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳಲ್ಲಿ ಸುತ್ತುವಾಗ ನಾನು ಕಾಣುವುದೇನೆಂದರೆ, ದಿನಗೂಲಿಯ ಜಾಗಕ್ಕೆ ಗುತ್ತಿಗೆ ಬಂದು ಕುಳಿತಿದೆ. ಅಜ್ಜಂಪುರದ ಈರುಳ್ಳಿ ಹೊಲದ ಕಳೆ, ಕಡೂರು ಕಡೆಯ ರಾಗಿ ಹೊಲದ ಉಳುಮೆ ಮತ್ತು ಕಟಾವು, ತರೀಕೆರೆಯ ಅಡಿಕೆ ತೋಟದ ಹುಲ್ಲು ಕೊಚ್ಚುವುದು ಎಲ್ಲವೂ ಗುತ್ತಿಗೆಯೇ. ಬ್ರಷ್ ಕಟರ್ ಯಂತ್ರ ಹೆಗಲಿಗೇರಿಸಿಕೊಂಡು ತೋಟದಿಂದ ತೋಟಕ್ಕೆ ಹೋಗುವ ಯುವಕರಿದ್ದಾರೆ. ಟ್ರ್ಯಾಕ್ಟರ್ ಇಟ್ಟುಕೊಂಡು ಊರೂರು ಉಳುವವರಿದ್ದಾರೆ. ಈಚೆಗೆ ಡ್ರೋನ್ ತಂದು ಔಷಧಿ ಸಿಂಪಡಿಸುವವರೂ ಬಂದಿದ್ದಾರೆ. ಇವರಲ್ಲಿ ಅನೇಕರು ನಿಮ್ಮ ಮನೆಯ ಮಕ್ಕಳೇ. ಆದ್ದರಿಂದ ಈ ವಿಷಯದಲ್ಲಿ ರೈತ ಒಂದು ಕಡೆ, ಗುತ್ತಿಗೆದಾರ ಇನ್ನೊಂದು ಕಡೆ ಎಂದು ನಾನು ಬರೆಯುತ್ತಿಲ್ಲ. ಇಂದು ಕೆಲಸ ಕೊಡುವವನೇ ನಾಳೆ ಕೆಲಸ ಹಿಡಿಯುವವನಾಗಬಹುದು.

ಗುತ್ತಿಗೆ ಹಿಡಿಯುವವನು ದರ ಹೇಳುವಾಗ ಎರಡು ಅಂಶಗಳನ್ನು ಗುಣಿಸುತ್ತಾನೆ: ಒಂದು ಗುಂಟೆಗೆ ಅಥವಾ ಎಕರೆಗೆ ಎಷ್ಟು, ಒಟ್ಟು ಎಷ್ಟು ಎಕರೆ. ನಾವು ಗಂಟೆಗಟ್ಟಲೆ ಚೌಕಾಸಿ ಮಾಡುವುದು ಮೊದಲನೆಯದರ ಮೇಲೆ ಮಾತ್ರ. ಎಕರೆಗೆ ನೂರು ರೂಪಾಯಿ ಇಳಿಸಲು ಒಂದು ಬೆಳಗು ಕಳೆಯುವ ನಾವು ಆರು ಗುಂಟೆಯ ತಪ್ಪನ್ನು ಒಂದು ಕ್ಷಣದಲ್ಲಿ ನುಂಗುತ್ತೇವೆ. ಎಕರೆಗೆ 4,000 ರೂಪಾಯಿ ದರವೆಂದು ಇಟ್ಟುಕೊಳ್ಳಿ. ಗುಂಟೆಗೆ 100 ರೂಪಾಯಿ ಆಯಿತು. ಆರು ಗುಂಟೆ ಹೆಚ್ಚು ಕಡಿಮೆಯಾದರೆ 600 ರೂಪಾಯಿ. ವರ್ಷದಲ್ಲಿ ನಾಲ್ಕು ಸಲ ಹುಲ್ಲು ಕೊಚ್ಚಿಸಿದರೆ 2,400 ರೂಪಾಯಿ. ಚೌಕಾಸಿಯಲ್ಲಿ ಉಳಿಸಿದ್ದು ಅದರ ಮುಂದೆ ಎಷ್ಟರದು?

ಅಮೆರಿಕದಲ್ಲಿ ಮನೆಗಳ ಸುತ್ತಲಿನ ಹುಲ್ಲುಹಾಸನ್ನು ನೋಡಿಕೊಳ್ಳುವುದೇ ಒಂದು ದೊಡ್ಡ ಕಸುಬು. ಅಲ್ಲಿ ಲೆಕ್ಕ ಬಲ್ಲ ಗುತ್ತಿಗೆದಾರರು ದರ ಹೇಳುವ ಮೊದಲು ಕೋಲಿಗೆ ಸಿಕ್ಕಿಸಿದ ಒಂದು ಚಕ್ರವನ್ನು ಅಂಗಳದ ಸುತ್ತ ಉರುಳಿಸುತ್ತಾರೆ. ಮನೆ ನಿಂತ ಜಾಗ, ಕಾರು ನಿಲ್ಲುವ ಜಾಗ, ಹೂವಿನ ಪಾತಿ ಎಲ್ಲವನ್ನೂ ಕಳೆದು, ಹುಲ್ಲು ಇರುವ ನೆಲ ಎಷ್ಟು ಸಾವಿರ ಚದರ ಅಡಿ ಎಂದು ತಿಳಿದ ಮೇಲೆಯೇ ಬೆಲೆ ಹೇಳುತ್ತಾರೆ. ಗೊಬ್ಬರ, ಔಷಧಿಯ ಪ್ರಮಾಣವನ್ನೂ 1,000 ಚದರ ಅಡಿಯ ಲೆಕ್ಕದಲ್ಲೇ ಹಾಕುತ್ತಾರೆ. ತಿನ್ನಲು ಬಾರದ ಹುಲ್ಲಿಗೆ ಅಷ್ಟು ಲೆಕ್ಕವಿರುವಾಗ ಹೊಟ್ಟೆ ಹೊರೆಯುವ ಹೊಲಕ್ಕೆ ಲೆಕ್ಕ ಬೇಡವೇ?

ಪಹಣಿಯ ಅಂಕಿಯೇ ಕೆಲಸದ ಅಂಕಿಯಲ್ಲ

ಪಹಣಿ ಹಕ್ಕಿನ ದಾಖಲೆ. ಅದು ಕೆಲಸದ ಅಳತೆಯಲ್ಲ. ಎರಡಕ್ಕೂ ವ್ಯತ್ಯಾಸ ಬರುವ ಬಗೆಗಳನ್ನು ಗಮನಿಸಿರಿ.

ಮೊದಲನೆಯದು ಖರಾಬು. ಸಾಗುವಳಿಗೆ ಬಾರದ ಬಂಡೆ, ಕೊರಕಲು ಮುಂತಾದುವು 'ಅ' ಖರಾಬಿನಲ್ಲಿ ಸೇರುತ್ತವೆ. ದಾರಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗದ ನೆಲ 'ಬ' ಖರಾಬು. ಇವು ಒಟ್ಟು ವಿಸ್ತೀರ್ಣದಲ್ಲಿ ಇರುತ್ತವೆ, ಉಳಿಕೆಯಲ್ಲಿ ಇರುವುದಿಲ್ಲ. ನಾನು ಮೇಲೆ ಹೇಳಿದಂತೆ 'ಅ' ಖರಾಬಿನ ಒಂದು ಭಾಗ ಇಂದು ಹದವಾದ ಹೊಲವಾಗಿರಬಹುದು. ಇನ್ನೊಂದು ಕಡೆ, ಉಳಿಕೆಯೆಂದು ಬರೆದ ನೆಲದಲ್ಲೇ ಬಾವಿ, ಪಂಪ್ ಮನೆ, ಕೃಷಿ ಹೊಂಡ, ಕಣ, ಅಗಲವಾದ ಬದುಗಳು ಬಂದು ಕುಳಿತಿರಬಹುದು.

ಎರಡನೆಯದು ಚುಕ್ಕಿಯ ಮೋಸ. ಪಹಣಿಯಲ್ಲಿ 1.20 ಎಂದಿದ್ದರೆ ಅದು ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ. ಓದು ಕಲಿತ ಹುಡುಗರು ಕ್ಯಾಲ್ಕುಲೇಟರಿನಲ್ಲಿ 1.20 ಎಂದೇ ಒತ್ತಿ ದರದಿಂದ ಗುಣಿಸುವುದನ್ನು ನಾನು ಒಂದಲ್ಲ, ಹಲವು ಸಲ ಕಂಡಿದ್ದೇನೆ. ಒಂದೂವರೆ ಎಕರೆ ಉತ್ತು ಒಂದೂಕಾಲು ಎಕರೆಗಿಂತ ಕಡಿಮೆ ಹಣ ಪಡೆದು ಹೋಗುತ್ತಾರೆ. ಎಕರೆಗೆ 40 ಗುಂಟೆ ಎಂಬುದನ್ನು ಮರೆಯಬಾರದು. ಗುಂಟೆಯನ್ನು ಎಕರೆ ಮಾಡಬೇಕಾದರೆ 40ರಿಂದ ಭಾಗಿಸಬೇಕು.

ಮೂರನೆಯದು ಪೋಡಿಯಾಗದ ಜಮೀನು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಮಧ್ಯೆ ಬದು ಹಾಕಿಕೊಂಡಿರುತ್ತಾರೆ. ಮೂರು ಎಕರೆಯಲ್ಲಿ ಮೂವರಿಗೆ ಒಂದೊಂದು ಎಕರೆ ಎಂದು ಕಾಗದದಲ್ಲಿದ್ದರೂ ನೆಲದ ಮೇಲೆ ಒಬ್ಬನಿಗೆ 36 ಗುಂಟೆ, ಇನ್ನೊಬ್ಬನಿಗೆ 44 ಗುಂಟೆ ಬಂದಿರುವುದು ಅಪರೂಪವೇನಲ್ಲ.

ನಾಲ್ಕನೆಯದು ಹೆಕ್ಟೇರಿನ ಗೊಂದಲ. ಒಂದು ಹೆಕ್ಟೇರ್ ಎಂದರೆ 2.47 ಎಕರೆ, ಅಂದರೆ ಹತ್ತಿರ ಹತ್ತಿರ 2 ಎಕರೆ 19 ಗುಂಟೆ. ನಮ್ಮ ಶಿಫಾರಸುಗಳೂ ಔಷಧಿಯ ಲೇಬಲ್ಲುಗಳೂ ಬಹುಮಟ್ಟಿಗೆ ಹೆಕ್ಟೇರ್ ಲೆಕ್ಕದಲ್ಲಿರುತ್ತವೆ, ನಿಮ್ಮ ಮಾತೆಲ್ಲ ಎಕರೆಯಲ್ಲಿ. ಇಲ್ಲಿ ತಪ್ಪು ವಿಜ್ಞಾನಿಗಳಾದ ನಮ್ಮದೂ ಹೌದು.

ನಾಲ್ಕು ಬದಿಯ ಲೆಕ್ಕ ಏಕೆ ತಪ್ಪುತ್ತದೆ?

ಅಳೆಯುವ ಕಡೆಯೂ ಒಂದು ಹಳೆಯ ಅಭ್ಯಾಸ ನಮ್ಮನ್ನು ತಪ್ಪು ದಾರಿಗೆ ಒಯ್ಯುತ್ತದೆ. ಎದುರು ಬದುರಿನ ಬದಿಗಳನ್ನು ಕೂಡಿಸಿ ಅರ್ಧ ಮಾಡಿ, ಎರಡನ್ನೂ ಗುಣಿಸುವುದು ಆ ಅಭ್ಯಾಸ. ಚೌಕವಾದ ಹೊಲಕ್ಕೆ ಇದು ಸರಿ. ಮೂಲೆ ಓರೆಯಾದ ಹೊಲದಲ್ಲಿ ಈ ಲೆಕ್ಕ ಯಾವಾಗಲೂ ಹೆಚ್ಚಾಗಿಯೇ ಬರುತ್ತದೆ, ಎಂದೂ ಕಡಿಮೆ ಬರುವುದಿಲ್ಲ.

ಒಂದು ಉದಾಹರಣೆ. ಹೊಲದ ನಾಲ್ಕು ಬದಿಗಳು ಕ್ರಮವಾಗಿ 200, 150, 220, 130 ಅಡಿ ಇವೆ. ರೂಢಿಯ ಲೆಕ್ಕದಲ್ಲಿ 210ನ್ನು 140ರಿಂದ ಗುಣಿಸಿದರೆ 29,400 ಚದರ ಅಡಿ. ಒಂದು ಗುಂಟೆಗೆ 1,089 ಚದರ ಅಡಿಯಂತೆ 27 ಗುಂಟೆ. ಈಗ ಅದೇ ಹೊಲದಲ್ಲಿ ಮೂಲೆಯಿಂದ ಮೂಲೆಗೆ ಹಗ್ಗ ಎಳೆಯಿರಿ. 200 ಅಡಿಯ ಬದಿಯೂ 130 ಅಡಿಯ ಬದಿಯೂ ಕೂಡುವ ಮೂಲೆಯಿಂದ ಅದರ ಎದುರು ಮೂಲೆಗೆ 190 ಅಡಿ ಬಂತೆನ್ನಿ. ಆಗ ಹೊಲ ಎರಡು ತ್ರಿಕೋನಗಳಾಯಿತು. ಉಳಿದೆರಡು ಮೂಲೆಗಳಿಂದ ಆ ಹಗ್ಗಕ್ಕೆ ನೇರವಾಗಿ, ಮೂಲೆಮಟ್ಟದಲ್ಲಿ, ಅಳೆದರೆ ಒಂದು ಕಡೆ 142 ಅಡಿ, ಇನ್ನೊಂದು ಕಡೆ 129 ಅಡಿ. ಇವೆರಡನ್ನು ಕೂಡಿಸಿ ಅರ್ಧ ಮಾಡಿ 190ರಿಂದ ಗುಣಿಸಿದರೆ 25,745 ಚದರ ಅಡಿ. ಅಂದರೆ 23 ಗುಂಟೆ 10 ಆಣೆ. ಮೂರು ಗುಂಟೆಗೂ ಹೆಚ್ಚು ನೆಲ ಬರಿಯ ಲೆಕ್ಕದಲ್ಲಿ ಹುಟ್ಟಿತ್ತು! ಇಲ್ಲದ ನೆಲಕ್ಕೆ ಬೀಜ, ಗೊಬ್ಬರ, ಕೂಲಿ ಎಲ್ಲವನ್ನೂ ಯಜಮಾನ ಕೊಡಬೇಕಾಗುತ್ತಿತ್ತು.

ಇದು ಹೊಸ ಮಾತಲ್ಲ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಬದಿಗಳ ಅರ್ಧ ಮೊತ್ತಗಳನ್ನು ಗುಣಿಸುವ ಈ ಲೆಕ್ಕವನ್ನು ಸ್ಥೂಲವೆಂದು ಹೇಳಿ, ಸೂಕ್ಷ್ಮ ಲೆಕ್ಕಕ್ಕೆ ಬೇರೆ ಸೂತ್ರವನ್ನು ಕೊಟ್ಟಿದ್ದಾನೆ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನೂ ಗಣಿತಸಾರಸಂಗ್ರಹದಲ್ಲಿ ಸ್ಥೂಲ ಲೆಕ್ಕವನ್ನೂ ಸೂಕ್ಷ್ಮ ಲೆಕ್ಕವನ್ನೂ ಬೇರೆ ಬೇರೆಯಾಗಿಯೇ ಇಟ್ಟಿದ್ದಾನೆ. 12ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ಕ್ಷೇತ್ರಗಣಿತವನ್ನು ಬರೆದನು. ನಮ್ಮ ಹಿರಿಯರು ಬಿಡಿಸಿಟ್ಟ ಲೆಕ್ಕವನ್ನು ನಾವು ಮರೆತಿದ್ದೇವೆ ಅಷ್ಟೆ.

ಅಳೆಯುವ ಸಾಧನಗಳು

ಇದಕ್ಕೆ ದೊಡ್ಡ ಖರ್ಚಿಲ್ಲ. ನಮ್ಮ ಗುಂಟೆಯೇ ಅಳತೆಗೆ ಅನುಕೂಲವಾಗುವಂತೆ ಹುಟ್ಟಿದೆ. ಸರ್ವೆಯವರ ಸರಪಳಿ 33 ಅಡಿ. ಅದು ಉದ್ದಗಲಕ್ಕೆ ಒಂದೊಂದು ಸಲ ಬಿದ್ದರೆ ಒಂದು ಗುಂಟೆ. ಸರಪಳಿಯನ್ನು 16 ಆಣೆಯಾಗಿ ಭಾಗಿಸಿದ್ದಾರೆ. ನೀವೂ 33 ಅಡಿಯ ಒಂದು ತಂತಿಯನ್ನು ತೆಗೆದುಕೊಂಡು ಪ್ರತಿ 2 ಅಡಿ ಮುಕ್ಕಾಲು ಅಂಗುಲಕ್ಕೆ ಒಂದೊಂದು ಬಣ್ಣದ ಗುರುತು ಹಾಕಿದರೆ ಅದೇ ನಿಮ್ಮ ಸರಪಳಿ. ಚೌಕವಾದ ಹೊಲದ ಉದ್ದ 6 ಸರಪಳಿ 4 ಆಣೆ, ಅಗಲ 5 ಸರಪಳಿ 8 ಆಣೆ ಬಂದರೆ, ಆರೂಕಾಲನ್ನು ಐದೂವರೆಯಿಂದ ಗುಣಿಸಿ. ಬರುವ ಅಂಕಿಯೇ ಗುಂಟೆ: 34 ಗುಂಟೆ 6 ಆಣೆ. ಚದರ ಅಡಿಯ ಗೊಡವೆಯೇ ಇಲ್ಲ.

ಹತ್ತಿಯ ಹಗ್ಗವೂ ತೆಂಗಿನ ನಾರಿನ ಹಗ್ಗವೂ ಇಬ್ಬನಿ ತಾಗಿದರೆ, ಬಿಗಿಯಾಗಿ ಎಳೆದರೆ ಅಳತೆ ಬದಲಾಗುತ್ತದೆ. ತಂತಿ ಅಥವಾ ನಾರುಗಾಜಿನ 100 ಅಡಿ ಟೇಪು ಮೇಲು. ಊರಿಗೆ ಒಂದು ಟೇಪಿದ್ದರೂ ಸಾಕು. ಮೂಲೆಮಟ್ಟಕ್ಕೆ 9, 12, 15 ಅಡಿಗಳ ಮೂರು ಬದಿಯಾಗುವಂತೆ ಗಂಟು ಹಾಕಿದ 36 ಅಡಿ ಹಗ್ಗ ಸಾಕು. ಅದನ್ನು ಬಿಗಿಯಾಗಿ ಎಳೆದು ಹಿಡಿದಾಗ 9 ಮತ್ತು 12 ಕೂಡುವಲ್ಲಿ ಸರಿಯಾದ ಮೂಲೆ ಸಿಗುತ್ತದೆ.

ಸೈಕಲ್ಲೂ ಒಳ್ಳೆಯ ಸಾಧನ. ಚಕ್ರಕ್ಕೆ ಒಂದು ಕಡೆ ಬಟ್ಟೆ ಕಟ್ಟಿ, ಹತ್ತು ಸುತ್ತು ಉರುಳಿಸಿ ಹೋದ ದೂರವನ್ನು ಟೇಪಿನಿಂದ ಅಳೆದು ಹತ್ತರಿಂದ ಭಾಗಿಸಿರಿ. ನಿಮ್ಮ ಚಕ್ರದ ಒಂದು ಸುತ್ತಿನ ಅಳತೆ ತಿಳಿಯಿತು. ಬೇಲಿ ಮತ್ತು ದಾರಿಯ ಉದ್ದಕ್ಕೆ ಇದು ಬಹಳ ಅನುಕೂಲ. ಉತ್ತ ಹೊಲದಲ್ಲಿ ಮಾತ್ರ ಚಕ್ರ ಹೂತು ಜಾರುವುದರಿಂದ ನಂಬಬಾರದು.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಹೊಲದ ಸುತ್ತ ನಡೆದರೆ ವಿಸ್ತೀರ್ಣ ಹೇಳುವ ತಂತ್ರಾಂಶಗಳಿವೆ. ಉಪಯೋಗಿಸಿರಿ, ಆದರೆ ಅದರ ಮಿತಿಯನ್ನು ತಿಳಿದಿರಿ. ಬಯಲಿನಲ್ಲಿಯೂ ಮೊಬೈಲ್ ತೋರಿಸುವ ಜಾಗ ಕೆಲವು ಮೀಟರ್ ಆಚೀಚೆ ಇರುತ್ತದೆ. ದಟ್ಟವಾದ ಅಡಿಕೆ ತೋಟದ ಒಳಗೆ ಇನ್ನೂ ಹೆಚ್ಚು. ಪ್ರತಿ ಬದಿಗೆ 2 ಮೀಟರ್ ಹೆಚ್ಚು ತೋರಿತೆಂದುಕೊಳ್ಳಿ. ಐದು ಎಕರೆಯ ಚೌಕ ಹೊಲದಲ್ಲಿ ಅದರಿಂದ ನೂರಕ್ಕೆ ಮೂರರೊಳಗೆ ತಪ್ಪು. ಹತ್ತು ಗುಂಟೆಯ ತುಂಡಿನಲ್ಲಿ ನೂರಕ್ಕೆ ಹದಿಮೂರು ತಪ್ಪು! ದೊಡ್ಡ ಹೊಲಕ್ಕೆ ಮೊಬೈಲ್ ಸಾಕು, ಸಣ್ಣ ತುಂಡಿಗೆ ಟೇಪೇ ಬೇಕು. ಡ್ರೋನಿನವರು ಪರದೆಯ ಮೇಲೆ ತೋರಿಸುವ ಎಕರೆಯೂ ಇದೇ ಜಾತಿಯದು. ಒಮ್ಮೆ ಟೇಪಿನ ಅಳತೆಯೊಂದಿಗೆ ಹೋಲಿಸಿ ನೋಡಿಕೊಂಡರೆ ಇಬ್ಬರಿಗೂ ಸಮಾಧಾನ.

ಯಾವ ಕೆಲಸಕ್ಕೆ ಯಾವ ಅಳತೆ?

ಎಲ್ಲ ಕೆಲಸಕ್ಕೂ ಎಕರೆಯೇ ಅಳತೆಯಲ್ಲ. ಕಳೆ, ಬಿತ್ತನೆ, ಸಿಂಪಡಣೆಗೆ ಬೆಳೆ ನಿಂತ ನೆಲ ಮಾತ್ರ ಲೆಕ್ಕ. ಬದು, ಬಾವಿ, ಹೊಂಡಗಳನ್ನು ಕಳೆಯಬೇಕು. ಆದರೆ ಬದುವಿನ ಹುಲ್ಲನ್ನೂ ಕೊಚ್ಚಬೇಕೆಂದರೆ ಅದನ್ನು ಸೇರಿಸಿ ಹೇಳಬೇಕು. ಕೊಚ್ಚುವವನಿಗೆ ಬಯಲಿನ ಹುಲ್ಲಿಗಿಂತ ಬದುವಿನ ಹುಲ್ಲೇ ಕಷ್ಟ.

ಬೇಲಿಗೆ ಎಕರೆ ಲೆಕ್ಕ ಎಂದೂ ಕೂಡದು. ಚೌಕವಾದ ಒಂದು ಎಕರೆಯ ಸುತ್ತಳತೆ ಸುಮಾರು 835 ಅಡಿ. 66 ಅಡಿ ಅಗಲ, 660 ಅಡಿ ಉದ್ದದ ಪಟ್ಟಿಯೂ ಒಂದೇ ಎಕರೆ; ಅದರ ಸುತ್ತಳತೆ 1,452 ಅಡಿ. ಎಕರೆಗಿಷ್ಟು ಎಂದು ಬೇಲಿ ಗುತ್ತಿಗೆ ಹಿಡಿದವನು ಪಟ್ಟಿ ಹೊಲದಲ್ಲಿ ಮುಳುಗಿದನೆಂದೇ ತಿಳಿಯಿರಿ.

ತೋಟದಲ್ಲಿ ಗಿಡವೇ ಅಳತೆಗೋಲು. 9 ಅಡಿ ಅಂತರದ ಅಡಿಕೆಗೆ ಒಂದು ಗಿಡಕ್ಕೆ 81 ಚದರ ಅಡಿ ನೆಲ, ಎಕರೆಗೆ 537 ಗಿಡ. 30 ಅಡಿ ಅಂತರದ ತೆಂಗಾದರೆ ಎಕರೆಗೆ 48. ಒಂದು ಎಕರೆ ಎಂದು ಹೇಳುವ ಅಡಿಕೆ ತೋಟದಲ್ಲಿ ಸತ್ತ ಗಿಡದ ಜಾಗವೂ ಸೇರಿ 610 ಗುಂಡಿಗಳಿದ್ದರೆ ಅದು 45 ಗುಂಟೆಗೂ ಹೆಚ್ಚಿನ ತೋಟ. ಆದರೆ ಅಂತರ 8 ಅಡಿಯಾಗಿದ್ದರೆ ಅದೇ 610 ಗಿಡ 36 ಗುಂಟೆಯೊಳಗೇ ಆಯಿತು. ಆದ್ದರಿಂದ ಅಂತರವನ್ನು ಊಹಿಸದೆ, ಒಂದು ಸಾಲಿನಲ್ಲಿ ಹತ್ತು ಅಂತರಗಳನ್ನು ಒಟ್ಟಿಗೆ ಅಳೆದು ಹತ್ತರಿಂದ ಭಾಗಿಸಬೇಕು. ಔಷಧಿ ಸಿಂಪಡಿಸುವ ಗುತ್ತಿಗೆಯನ್ನು ಮರದ ಲೆಕ್ಕದಲ್ಲೇ ಮಾಡುವುದು ಒಳ್ಳೆಯದು. ಎಣಿಸಿದ ಮರಕ್ಕೆ ಸುಣ್ಣದ ಗುರುತು ಹಾಕಿದರೆ ತಕರಾರಿಲ್ಲ.

ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಸೂಕ್ಷ್ಮ ನೀರಾವರಿಯೇ ಮುಖ್ಯ. ಹನಿ ನೀರಾವರಿಯ ಅಂದಾಜು ಪಟ್ಟಿ ಕೈಗೆ ಬಂದಾಗ ಅದನ್ನೂ ಅಳೆದು ನೋಡಿರಿ. 9 ಅಡಿಗೊಂದು ಸಾಲಿದ್ದರೆ ಒಂದು ಎಕರೆಗೆ ಬೇಕಾಗುವ ಸಾಲಿನ ಪೈಪು 4,840 ಅಡಿ, ಅಂದರೆ ಸುಮಾರು 1,475 ಮೀಟರ್. 4 ಅಡಿಗೊಂದು ಸಾಲಾದರೆ 10,890 ಅಡಿ. ಪಟ್ಟಿಯಲ್ಲಿ ಇದಕ್ಕಿಂತ ಬಹಳ ಹೆಚ್ಚು ಕಡಿಮೆ ಇದ್ದರೆ ಕಾರಣ ಕೇಳಲು ನಿಮಗೆ ಹಕ್ಕಿದೆ.

ತರೀಕೆರೆಯಿಂದ ಕೆಮ್ಮಣ್ಣುಗುಂಡಿಯ ಬೆಟ್ಟದ ಬುಡದ ಕಡೆಗೆ ಹೋದಂತೆ ಇಳಿಜಾರಿನ ಪ್ರಶ್ನೆ ಬರುತ್ತದೆ. ಸರ್ವೆಯ ಅಳತೆ ಮಟ್ಟದ ಅಳತೆ. 100 ಅಡಿ ಮಟ್ಟದ ದೂರಕ್ಕೆ 27 ಅಡಿ ಏರಿದ್ದರೆ ನೆಲದ ಮೇಲೆ ಹಾಸಿದ ಟೇಪು 103 ಅಡಿ 7 ಅಂಗುಲ ತೋರುತ್ತದೆ. 58 ಅಡಿ ಏರಿದ್ದರೆ 115 ಅಡಿ ದಾಟುತ್ತದೆ. ಪಹಣಿಯೊಂದಿಗೆ ತಾಳೆ ನೋಡುವಾಗ ಟೇಪನ್ನು ಮಟ್ಟವಾಗಿ, ತುಂಡು ತುಂಡಾಗಿ ಹಿಡಿಯಬೇಕು. ಹುಲ್ಲು ಕೊಚ್ಚುವವನಾದರೋ ನೆಲದ ಮೇಲೆಯೇ ನಡೆಯುವವನು. ಅವನಿಗೆ ನೆಲದ ಮೇಲಿನ ಅಳತೆಯೇ ನ್ಯಾಯ.

ಔಷಧಿಯ ವಿಷಯದಲ್ಲಿ ಇನ್ನೂ ಎಚ್ಚರ

ಕೂಲಿಯ ತಪ್ಪನ್ನು ಮಾತಾಡಿ ಸರಿಮಾಡಬಹುದು. ಮಣ್ಣಿಗೆ ಬಿದ್ದ ಔಷಧಿಯನ್ನು ಹಿಂದಕ್ಕೆ ತೆಗೆಯಲಾಗದು. 30 ಗುಂಟೆಯ ಹೊಲವನ್ನು ಎಕರೆಯೆಂದು ತಿಳಿದು ಎಕರೆಯ ಪ್ರಮಾಣವನ್ನು ಹೊಡೆದರೆ, ಹೇಳಿದ್ದಕ್ಕಿಂತ ಮೂರರಲ್ಲೊಂದು ಪಾಲು ಹೆಚ್ಚು ಬಿತ್ತು. ಎಳೆಯ ಈರುಳ್ಳಿಯ ಗರಿ ಸುಡಬಹುದು, ಮುಂದಿನ ಬೆಳೆಯ ಮೊಳಕೆಗೂ ಪೆಟ್ಟು ಬೀಳಬಹುದು. 48 ಗುಂಟೆಯನ್ನು ಎಕರೆಯೆಂದರೆ ಕಳೆ ಅರೆಜೀವವಾಗಿ ಉಳಿಯುತ್ತದೆ. ಮತ್ತೆ ಮತ್ತೆ ಹೀಗಾದರೆ ಔಷಧಿಗೆ ಬಗ್ಗದ ಕಳೆಯನ್ನು ನಾವೇ ಸಾಕಿದಂತೆ. "ನಿಮ್ಮ ಶಿಫಾರಸು ಕೆಲಸ ಮಾಡಲಿಲ್ಲ" ಎಂದು ನನ್ನ ಬಳಿಗೆ ಬರುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ, "ಹೊಲ ಅಳೆದಿದ್ದಿರಾ?" ಎಂಬುದು. ಉತ್ತರ ಹೆಚ್ಚಾಗಿ ಮೌನವೇ.

ಅಳೆದರೆ ಮನಸ್ಸು ಕೆಡುವುದೇ?

ಈ ಮಾತನ್ನು ಸಭೆಗಳಲ್ಲಿ ಹೇಳಿದಾಗ ಎರಡು ಆಕ್ಷೇಪಣೆಗಳು ಬರುತ್ತವೆ. ಟೇಪು ಹಿಡಿದರೆ ನಂಬಿಕೆಯಿಲ್ಲವೆಂದು ನೆರೆಯವರು ಬೇಸರಪಡುತ್ತಾರೆ ಎಂಬುದು ಮೊದಲನೆಯದು. ಕಣದಲ್ಲಿ ರಾಗಿಯನ್ನು ಅಳೆಯುವಾಗ ಯಾರಾದರೂ ಬೇಸರಪಟ್ಟಿದ್ದಾರೆಯೇ? ಅಲ್ಲಿ ಅಳತೆ ರೂಢಿಯಾಗಿದೆ, ಇಲ್ಲಿ ಆಗಿಲ್ಲ, ಅಷ್ಟೇ ವ್ಯತ್ಯಾಸ. ನಿಜವಾಗಿ ನೋಡಿದರೆ ಮನಸ್ಸು ಕೆಡುವುದು ಅಳೆಯದೆ ಮಾತಾಡಿ, ಕೆಲಸ ಮುಗಿದ ಮೇಲೆ ಅಳೆಯಲು ಹೊರಟಾಗ.

ಗಂಟೆ ಲೆಕ್ಕಕ್ಕೆ ಕೊಟ್ಟರೆ ಅಳತೆಯ ರಗಳೆಯೇ ಇಲ್ಲ ಎಂಬುದು ಎರಡನೆಯದು. ಟ್ರ್ಯಾಕ್ಟರಿಗೂ ಕಟಾವು ಯಂತ್ರಕ್ಕೂ ಗಂಟೆ ಲೆಕ್ಕ ರೂಢಿಯಲ್ಲಿದೆ, ತಪ್ಪೇನಿಲ್ಲ. ಆದರೆ ಹೊಲದ ಅಳತೆ ತಿಳಿಯದಿದ್ದರೆ ಮೂರು ಗಂಟೆ ಹೆಚ್ಚೋ ಕಡಿಮೆಯೋ ಎಂದು ಹೇಳುವುದು ಹೇಗೆ? ನಿಧಾನ ಮಾಡಿದವನಿಗೆ ಹೆಚ್ಚು ಹಣ, ಚುರುಕಾಗಿ ದುಡಿದವನಿಗೆ ಕಡಿಮೆ ಹಣವಾಗಬಾರದಲ್ಲವೇ? ಗಂಟೆ ಲೆಕ್ಕವೂ ಅಳತೆಯ ಆಸರೆಯಲ್ಲೇ ನಿಲ್ಲಬೇಕು.

ಗುತ್ತಿಗೆ ಹಿಡಿಯುವ ಯುವಕರಿಗೂ ಒಂದು ಮಾತು. ಕೆಲಸ ತಪ್ಪಿಹೋಗುತ್ತದೆಂಬ ಅಂಜಿಕೆಯಿಂದ ಹೊಲವನ್ನು ನೋಡದೆ ಫೋನಿನಲ್ಲೇ ಒಟ್ಟು ದರ ಹೇಳಬೇಡಿ. ಗುಂಟೆಗೆ ಇಷ್ಟು ಎಂದು ಹೇಳಿ, ಅಳೆದ ಮೇಲೆ ಒಟ್ಟು ಹೇಳುತ್ತೇನೆ ಎನ್ನಿ. ನಷ್ಟವಾದ ಮೇಲೆ ಕೆಲಸವನ್ನು ಅರ್ಧ ಮಾಡಿ ಸರಿದೂಗಿಸುವುದು ಹೆಸರು ಕೆಡಿಸಿಕೊಳ್ಳುವ ದಾರಿ. ಸರಿಯಾಗಿ ಅಳೆದು, ಸರಿಯಾದ ದರ ಹೇಳಿ, ಸರಿಯಾಗಿ ದುಡಿಯುವವನ ಮನೆಬಾಗಿಲಿಗೆ ಮುಂದಿನ ವರ್ಷ ಜನರೇ ಬರುತ್ತಾರೆ.

ಇಬ್ಬರೂ ಕೂಡಿ ಅಳೆಯಬೇಕು. ಟೇಪಿನ ಒಂದು ತುದಿ ಯಜಮಾನನ ಕೈಯಲ್ಲಿ, ಇನ್ನೊಂದು ತುದಿ ಕೆಲಸ ಹಿಡಿಯುವವನ ಕೈಯಲ್ಲಿ ಇರಲಿ. ಎರಡು ಸಲ ಅಳೆದಾಗ ಬಂದ ಅಂಕಿಗಳಲ್ಲಿ ಎಕರೆಗೆ ಒಂದು ಗುಂಟೆಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯ ಸಲ ಅಳೆಯಿರಿ. ಆಮೇಲೆ ಒಂದು ಚೀಟಿಯಲ್ಲಿ ತಾರೀಖು, ಸರ್ವೆ ನಂಬರು, ಅಳೆದ ಗುಂಟೆ, ಕೆಲಸ, ಗುಂಟೆಯ ದರ ಇಷ್ಟನ್ನೂ ಬರೆದು ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿರಿ. ಸಹಿ ಬಾರದ ಹೆಣ್ಣಾಳುಗಳ ತಂಡವಾದರೆ ಚೀಟಿಯನ್ನು ಗಟ್ಟಿಯಾಗಿ ಓದಿ ಹೇಳಿರಿ. ಇದು ಕೆಲಸದ ಅಳತೆ ಮಾತ್ರವೆಂಬುದನ್ನು ಮರೆಯಬೇಡಿ. ಗಡಿಯ ವಿವಾದವಿದ್ದರೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ಕಾರಿ ಭೂಮಾಪಕರಿಂದಲೇ ಅಳೆಸಬೇಕು. ನಮ್ಮ ಟೇಪಿನಿಂದ ಬಾಂದುಕಲ್ಲು ಅಲುಗದು, ಅಲುಗಲೂಬಾರದು.

ಬೆಳೆಯಿಲ್ಲದ ದಿನಗಳಲ್ಲಿ ಹೊಲ ಬರಿದಾಗಿರುವಾಗ ಒಂದು ಬೆಳಗು ಬಿಡುವು ಮಾಡಿಕೊಳ್ಳಿ. ಮನೆಯ ಮಕ್ಕಳನ್ನು ಜೊತೆಗೆ ಕರೆದುಕೊಳ್ಳಿ, ಶಾಲೆಯಲ್ಲಿ ಕಲಿತ ತ್ರಿಕೋನದ ಲೆಕ್ಕ ಅವರಿಗೂ ಆಗ ಅರ್ಥವಾದೀತು. ಪ್ರತಿ ತುಂಡಿನ ಅಳತೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಒಮ್ಮೆ ಅಳೆದರೆ ಬದು ಬದಲಾಗುವವರೆಗೆ ಅದೇ ಅಂಕಿ. ಬಿತ್ತನೆಗೆ, ಗೊಬ್ಬರಕ್ಕೆ, ಔಷಧಿಗೆ, ಕೂಲಿಗೆ ಎಲ್ಲಕ್ಕೂ ಅದೇ ಆಧಾರ. ಮುಂದಿನ ಸಲ ಕಳೆ ತೆಗೆಯಲು ಬಂದ ಹಿರಿಯಾಕೆ ನಿಮ್ಮ ಎಕರೆಗೆ ಎಷ್ಟು ಗುಂಟೆ ಎಂದು ಕೇಳಿದರೆ, ಪುಸ್ತಕ ತೆರೆದು ತೋರಿಸುವ ಧೈರ್ಯ ನಿಮಗಿರಲಿ. ನನಗೆ ಅಂದು ಅದು ಇರಲಿಲ್ಲ.